ಸುಣ್ಣದ ಗೋಡೆಗೆ ಸಿಮೆಂಟ್ ಬೇಡ: ಸುರಪುರದಿಂದ ಒಂದು ಬಹಿರಂಗ ಪತ್ರ

ಯಾದಗಿರಿ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯವರಿಗೆ, ಹಳೆ ವಾಡೆಗಳಲ್ಲಿ ಇನ್ನೂ ಒಲೆ ಹಚ್ಚುತ್ತಿರುವ ನನ್ನ ಊರಿನವರಿಗೆ,

ಶರಣು.

ನಾನು ಸುರಪುರದವಳು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಿಯಾದವಳು. ನನ್ನ ಮಗಳು ಪುದುಚೇರಿಯಲ್ಲಿ ನರ್ಸ್. ಅವಳ ಹತ್ತಿರ ಹೋಗಿ ಹತ್ತು ದಿನ ಇದ್ದು ಬಂದೆ. ಅಲ್ಲಿ ನೋಡಿದ್ದನ್ನು ನಿಮ್ಮ ಮುಂದೆ ಇಡಬೇಕು ಅನಿಸಿತು. ಅದಕ್ಕೇ ಈ ಪತ್ರ.

ಮೊದಲ ಎರಡು ದಿನ ಸಮುದ್ರ ನೋಡಿದೆ. ಬಯಲುಸೀಮೆಯವರಿಗೆ ಸಮುದ್ರ ಅಂದರೆ ಸಾಕು, ಬೇರೆ ಏನೂ ಕಾಣುವುದಿಲ್ಲ. ಮೂರನೇ ದಿನ ಬೆನ್ನು ತಿರುಗಿಸಿ ಬೀದಿಗಳ ಕಡೆ ನೋಡಿದೆ. ಆಮೇಲೆ ಉಳಿದ ದಿನವೆಲ್ಲ ಆ ಬೀದಿಗಳಲ್ಲೇ ಕಳೆಯಿತು.

ಸಮುದ್ರದ ಪಕ್ಕಕ್ಕೆ ಫ್ರೆಂಚರು ಕಟ್ಟಿದ ಬಂಗಲೆಗಳ ಸಾಲು ಇದೆ. ಹಳದಿ ಗೋಡೆ, ಅದಕ್ಕೆ ಬಿಳಿ ಪಟ್ಟಿ. ಎತ್ತರದ ಕಾಂಪೌಂಡು, ದೊಡ್ಡ ಗೇಟು. ಗೇಟಿನೊಳಗೆ ಅಂಗಳ, ಅಂಗಳಕ್ಕೆ ಮುಖ ಮಾಡಿದ ಕಂಬದ ಸಾಲು. ಉದ್ದನೆಯ ಕಿಟಕಿಗಳಿಗೆ ಮರದ ಪಟ್ಟಿಯ ಬಾಗಿಲು. ಬಿಸಿಲು ಹೊರಗೇ ನಿಲ್ಲುತ್ತದೆ, ಗಾಳಿ ಒಳಗೆ ಬರುತ್ತದೆ. ನಡುವೆ ಒಂದು ಕಾಲುವೆ. ಕಾಲುವೆ ದಾಟಿದರೆ ತಮಿಳರ ಮನೆಗಳು. ಅಲ್ಲಿ ಮನೆ ಮುಂದೆ ಜಗುಲಿ, ಒಳಗೆ ತೊಟ್ಟಿ. ಜಗುಲಿಗೆ ಅವರು ತಿಣ್ಣೈ ಅನ್ನುತ್ತಾರೆ. ನಮ್ಮ ಕಟ್ಟೆಯ ಹಾಗೇ ಇದೆ. ದಾರಿಯಲ್ಲಿ ಹೋಗುವವರು ಕೂತು ದಣಿವಾರಿಸಿಕೊಳ್ಳಲಿ ಅಂತ ಕಟ್ಟಿದ್ದು.

ಈ ಊರು ಒಮ್ಮೆ ನೆಲಸಮ ಆಗಿತ್ತು. 1761ರಲ್ಲಿ ಇಂಗ್ಲಿಷರು ಪುದುಚೇರಿಯನ್ನು ಗೆದ್ದು ಕೋಟೆ, ಅರಮನೆ, ಮನೆ ಎಲ್ಲವನ್ನೂ ಕೆಡವಿದರು. ಫ್ರೆಂಚರ ಕೈಗೆ ಊರು ಮರಳಿದ ಮೇಲೆ, 1765ರಿಂದ, ಹಳೆಯ ಬೀದಿಗಳ ಗೆರೆಯ ಮೇಲೇ ಮತ್ತೆ ಕಟ್ಟಿದರು. ಹಾಗಾಗಿ ಅಲ್ಲಿ ಇವತ್ತು ಕಾಣುವ ಹಳೆಯ ಮನೆಗಳೆಲ್ಲ ಹೆಚ್ಚುಕಡಿಮೆ ಆಮೇಲಿನವು. ನಮ್ಮ ಸುರಪುರದ ಹಲವು ವಾಡೆಗಳ ವಯಸ್ಸಿಗೂ ಅವುಗಳ ವಯಸ್ಸಿಗೂ ಬಹಳ ಅಂತರ ಇಲ್ಲ. ಅವು ನಿಂತಿವೆ. ನಮ್ಮವು ಬೀಳುತ್ತಿವೆ. ಸಮುದ್ರದ ಉಪ್ಪುಗಾಳಿ ಹೊಡೆಯುವ ಊರಲ್ಲಿ ಗೋಡೆ ನಿಂತಿದೆ, ಬಿಸಿಲಲ್ಲಿ ಒಣಗುವ ನಮ್ಮ ಊರಲ್ಲಿ ಬಿದ್ದಿದೆ. ಯಾಕೆ ಅನ್ನುವುದೇ ತಲೆಯಲ್ಲಿ ಕೊರೆಯತೊಡಗಿತು.

ಉತ್ತರ ಒಂದು ವಾಸನೆಯಲ್ಲಿ ಸಿಕ್ಕಿತು.

ಒಂದು ಬೀದಿಯಲ್ಲಿ ಹಳೆ ಬಂಗಲೆಯ ಗೋಡೆ ರಿಪೇರಿ ನಡೆದಿತ್ತು. ಕೆಲಸದವರು ಗೋಡೆಯ ಸಿಮೆಂಟ್ ಪ್ಲಾಸ್ಟರನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆಯುತ್ತಿದ್ದರು. ಪಕ್ಕದ ಡ್ರಮ್ಮಿನಲ್ಲಿ ಏನೋ ನೆನೆದಿತ್ತು. ಹುಳಿ ಹುಳಿ, ಒಗರು ಒಗರು ವಾಸನೆ. ನಾನು ಅಲ್ಲೇ ನಿಂತುಬಿಟ್ಟೆ. ನಲವತ್ತು ವರ್ಷದಿಂದ ಮೂಗಿಗೆ ಬಾರದ ವಾಸನೆ ಅದು. ಮಗಳ ಕಡೆಯಿಂದ ತಮಿಳಲ್ಲಿ ಕೇಳಿಸಿದೆ. "ಕಡುಕ್ಕಾಯ್, ಬೆಲ್ಲ" ಅಂದರು. ಕಡುಕ್ಕಾಯ್ ಅಂದರೆ ನಮ್ಮ ಅಳಲೆಕಾಯಿ. ಅದನ್ನು ಜಜ್ಜಿ, ಬೆಲ್ಲದ ಜೊತೆ ನೀರಲ್ಲಿ ದಿನಗಟ್ಟಲೆ ಕೊಳೆಹಾಕಿ, ಆ ನೀರನ್ನು ಸುಣ್ಣಕ್ಕೆ ಬೆರೆಸುತ್ತಾರೆ. ನಮ್ಮ ಓಣಿಯ ಗೌಂಡಿ ಅಜ್ಜ ಹೀಗೇ ಮಾಡುತ್ತಿದ್ದರು. ನಾನು ಸಣ್ಣವಳಿದ್ದಾಗ ನಮ್ಮ ವಾಡೆಗೆ ಗಚ್ಚು, ಅಂದರೆ ಸುಣ್ಣದ ಗಾರೆ, ಹಾಕಲು ಅವರೇ ಬರುತ್ತಿದ್ದರು. ಎತ್ತು ಕಟ್ಟಿದ ಗಾಣದಲ್ಲಿ ಸುಣ್ಣ, ಮರಳು ಅರೆಯುತ್ತಿದ್ದರು. ಕಲ್ಲಿನ ಗಾಲಿ ಗುಂಡಗಿನ ಕಾಲುವೆಯಲ್ಲಿ ಸುತ್ತುವಾಗ ಬರುವ ಸದ್ದು ಈಗಲೂ ಕಿವಿಯಲ್ಲಿದೆ.

ನಮ್ಮ ವಾಡೆಯ ವಿಷಯ ಹೇಳುತ್ತೇನೆ. ಇದು ನಮ್ಮೊಬ್ಬರ ಮನೆಯ ಕಥೆ ಅಲ್ಲ. ಈ ಪತ್ರ ಓದುವ ನೂರಾರು ಮನೆಯವರು "ನಮ್ಮಲ್ಲೂ ಹೀಗೇ ಆಯ್ತು" ಅನ್ನುತ್ತಾರೆ, ನನಗೆ ಗೊತ್ತು.

ಕಲ್ಲು ಮಣ್ಣಿನ ಗೋಡೆ, ಎರಡೂವರೆ ಅಡಿ ದಪ್ಪ. ಸಾಗವಾನಿ ಕಂಬ, ತೊಲೆ, ಜಂತಿ. ಜಂತಿಯ ಮೇಲೆ ಹಲಗೆ, ಸೊಪ್ಪು, ಅದರ ಮೇಲೆ ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ತಂದು ಮಾಳಿಗೆಗೆ ಹರಡಿ ಬಡಿಯುತ್ತಿದ್ದರು. ಬೇಸಿಗೆಯಲ್ಲಿ ಹೊರಗೆ 43 ಡಿಗ್ರಿ ಇದ್ದರೂ ಪಡಸಾಲೆಯಲ್ಲಿ ಮಧ್ಯಾಹ್ನ ನಿದ್ದೆ ಹತ್ತುತ್ತಿತ್ತು. ಫ್ಯಾನ್ ಇರಲಿಲ್ಲ.

ಅಪ್ಪ ಹೋದ ಮೇಲೆ ಮನೆ ಕಾಕಾ ಮತ್ತು ತಮ್ಮಂದಿರ ಕೈಗೆ ಬಂತು. ಮಣ್ಣು ಹಾಕುವವರು ಸಿಗಲಿಲ್ಲ. ಗೌಂಡಿ ಅಜ್ಜನಿಗೆ ವಯಸ್ಸಾಯಿತು. ಗೋಡೆಯ ಗಚ್ಚು ಅಲ್ಲಲ್ಲಿ ಉದುರಿತ್ತು. ಒಬ್ಬ ಗುತ್ತಿಗೆದಾರ ಬಂದು "ಸುಣ್ಣ ಗಿಣ್ಣ ಯಾಕ್ರೀ, ಸಿಮೆಂಟ್ ಹೊಡೀರಿ, ಐವತ್ತು ವರ್ಷ ನೋಡೋದ ಬ್ಯಾಡ" ಅಂದ. ಹೊಡೆಸಿದರು. ನೋಡಲು ಚೆಂದ ಆಯಿತು. ನಾವೆಲ್ಲ ಖುಷಿಪಟ್ಟೆವು. ನಾನೂ ಖುಷಿಪಟ್ಟೆ.

ಗೌಂಡಿ ಅಜ್ಜ ಒಂದು ದಿನ ಕೋಲೂರಿಕೊಂಡು ಬಂದು ಗೋಡೆ ಮುಟ್ಟಿ ನೋಡಿದರು. "ಗ್ವಾಡಿಗೂ ಬೆವರು ಬರ್ತದವ್ವಾ. ಅದನ್ನ ಒಣಗ್ಲಾಕ ಬಿಡಬೇಕು. ನೀವು ಬಾಯಿ ಮುಚ್ಚಿದ್ರಿ" ಅಂದರು. ಆಗ ನಮಗೆ ತಿಳಿಯಲಿಲ್ಲ.

ನೆಲದ ತೇವ ಮಣ್ಣಿನ ಗೋಡೆಯಲ್ಲಿ ಮೇಲೆ ಏರುತ್ತದೆ. ಮಳೆ ನೀರೂ ಎಲ್ಲಿಂದಲೋ ಒಳಗೆ ಇಳಿಯುತ್ತದೆ. ಮೇಲೆ ಸುಣ್ಣದ ಗಚ್ಚು ಇದ್ದರೆ ಆ ತೇವ ಆವಿಯಾಗಿ ಹೊರಗೆ ಹೋಗುತ್ತದೆ. ಸಿಮೆಂಟ್ ಇದ್ದರೆ ಹೋಗಲು ದಾರಿ ಇಲ್ಲ. ಒಳಗಿನ ಮಣ್ಣು ಮೆತ್ತಗಾಗುತ್ತದೆ. ಗೋಡೆಯೊಳಗೆ ಕೂತ ತೊಲೆಯ ತುದಿ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ಹೊರಗೆ ಮಾತ್ರ ಏನೂ ಕಾಣುವುದಿಲ್ಲ. 2020ರ ಅಕ್ಟೋಬರ್ ಮಳೆ ನಿಮಗೆಲ್ಲ ನೆನಪಿದೆ. ಭೀಮಾ ತುಂಬಿ ಊರೂರಿಗೆ ನುಗ್ಗಿದ ವರ್ಷ. ಆ ಮಳೆಯಲ್ಲಿ ಒಂದು ರಾತ್ರಿ ನಮ್ಮ ದಕ್ಷಿಣದ ಕೋಣೆ ಕುಳಿತುಬಿಟ್ಟಿತು. ಸಿಮೆಂಟ್ ಪದರ ಹಲಗೆಯ ಹಾಗೆ ಒಂದೇ ತುಂಡಾಗಿ ಬಿದ್ದಿತ್ತು. ಅದರ ಹಿಂದಿನ ಗೋಡೆ ಕೆಸರಾಗಿತ್ತು. ಎಲ್ಲರೂ ಪಡಸಾಲೆಯಲ್ಲಿ ಮಲಗಿದ್ದರು, ಅದೊಂದೇ ಪುಣ್ಯ.

ಆಮೇಲೆ ಹಳೆ ಸಾಮಾನಿನ ವ್ಯಾಪಾರಿ ಬಂದ. ತಲಬಾಗಿಲು, ಚೌಕಟ್ಟು, ನಾಲ್ಕು ಕಂಬ ಒಯ್ದ. ಬಾಗಿಲ ಮೇಲೆ ಹಿತ್ತಾಳೆಯ ಹೂವಿನ ಮೊಳೆಗಳಿದ್ದವು. ಚೌಕಟ್ಟಿನ ಮೇಲೆ ಗಿಳಿ ಕೆತ್ತಿತ್ತು. ಅವ್ವ ಆ ದಿನ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಪುದುಚೇರಿಯಲ್ಲಿ ಒಂದು ಹಳೆ ಬಂಗಲೆ ಈಗ ಹೋಟೆಲ್ ಆಗಿದೆ. ಮಗಳ ಜೊತೆ ಕಾಫಿ ಕುಡಿಯಲು ಹೋದೆ. ಒಳಗೆ ಗೋಡೆಗೆ ಒರಗಿಸಿ ಒಂದು ಬಾಗಿಲು ನಿಲ್ಲಿಸಿದ್ದರು. ಅದೇ ಹಿತ್ತಾಳೆ ಹೂವು, ಅದೇ ಗಿಳಿ. ಅದು ನಮ್ಮದೇ ಅಂತ ಹೇಳುವುದಿಲ್ಲ. ಅಂಥ ಬಾಗಿಲು ನಮ್ಮ ಕಡೆ ಎಷ್ಟೋ ಮನೆಗಳಿಗೆ ಇದ್ದವು. ಆದರೆ ನಮ್ಮ ಕಡೆಯ ಕೈಕೆಲಸದ ಹಾಗೇ ಇತ್ತು. ಕಾಫಿ ಆರಿಹೋಯಿತು. ನಾನು ಆ ಮೊಳೆಗಳನ್ನೇ ಎಣಿಸುತ್ತ ಕೂತಿದ್ದೆ.

ಪುದುಚೇರಿಯವರು ಏನು ಮಾಡಿದರು ಅಂತ ವಿಚಾರಿಸಿದೆ. ಅಲ್ಲೂ ಮನೆಗಳು ಬೀಳುತ್ತಿದ್ದವು, ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಈಗಲೂ ಪೂರ್ತಿ ನಿಂತಿಲ್ಲ. ಆದರೆ ಅವರು ಮೊದಲು ಒಂದು ಪಟ್ಟಿ ಮಾಡಿದರು. ಹಳೆ ಕಟ್ಟಡಗಳನ್ನು ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಅನ್ನುವ ಸಂಸ್ಥೆಯವರು ಬೀದಿ ಬೀದಿ ಸುತ್ತಿ, ಯಾವ ಮನೆ ಹಳೆಯದು, ಅದರಲ್ಲಿ ಏನು ಉಳಿದಿದೆ, ಎಲ್ಲ ಬರೆದರು. ದೇವಸ್ಥಾನ, ಕೋಟೆ ಮಾತ್ರ ಅಲ್ಲ. ಜನ ವಾಸ ಇರುವ ಮನೆಗಳನ್ನು ಬರೆದರು. ನನಗೆ ದೊಡ್ಡದು ಅನಿಸಿದ್ದು ಇದೇ. ಆಮೇಲೆ ತಮಿಳರ ಕಡೆಯ ವೈಶ್ಯಾಳ್ ಬೀದಿಯನ್ನು ಎತ್ತಿಕೊಂಡರು. ಯುರೋಪಿನ ಒಕ್ಕೂಟದಿಂದ ಸ್ವಲ್ಪ ಹಣ ಬಂತು. ಮನೆಯ ಮುಂಭಾಗದ ರಿಪೇರಿಯ ಖರ್ಚನ್ನು ಮನೆಯವರೂ ಯೋಜನೆಯವರೂ ಹಂಚಿಕೊಂಡರು. ಮನೆ ಮನೆಯವರದೇ, ವಾಸವೂ ಅವರದೇ. ಇಡೀ ಬೀದಿ ಎದ್ದು ನಿಂತಿತು. 2008ರಲ್ಲಿ ಅದಕ್ಕೆ ಯುನೆಸ್ಕೋ ಪ್ರಶಸ್ತಿ ಬಂತು. ನಾನು ಆ ಬೀದಿಯ ಜಗುಲಿ ಮೇಲೆ ಕೂತು ಬಂದಿದ್ದೇನೆ. ಹಿರಿಯರೊಬ್ಬರು ಪೇಪರ್ ಓದುತ್ತಿದ್ದರು. ಸುಮ್ನೆ ಸರಿದು ಜಾಗ ಕೊಟ್ಟರು.

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೂ ಅಲ್ಲೇ ಉದಾಹರಣೆ ಇದೆ. ಸಮುದ್ರಕ್ಕೆ ಎದುರಾಗಿ ಮೇರಿ ಅನ್ನುವ ಪುರಭವನ ಇದೆ. 1870ರ ಸುಮಾರಿಗೆ ಕಟ್ಟಿದ್ದು. ಶಿಥಿಲವಾಗಿದೆ ಅಂತ ಎಲ್ಲರಿಗೂ ಗೊತ್ತಿತ್ತು. 2014ರ ನವೆಂಬರ್ ಮಳೆಯಲ್ಲಿ ಕುಸಿದು ಬಿತ್ತು. ಆಮೇಲೆ ವಿಶ್ವಬ್ಯಾಂಕಿನ ನೆರವು ತಂದು, ಕೋಟಿಗಟ್ಟಲೆ ಖರ್ಚು ಮಾಡಿ, ಹಳೆಯದರ ಹಾಗೇ ಹೊಸದಾಗಿ ಕಟ್ಟಿದರು. 2021ರ ಫೆಬ್ರುವರಿಯಲ್ಲಿ ಉದ್ಘಾಟನೆ ಆಯಿತು. ಚೆನ್ನಾಗಿಯೇ ಇದೆ. ಆದರೆ ಅದು ಹಳೆಯದರ ನಕಲು, ಅಲ್ವಾ? ಬಿದ್ದ ಮೇಲೆ ಕಟ್ಟಿದ ದುಡ್ಡಿನಲ್ಲಿ ಒಂದು ಪಾಲು ಸಾಕಿತ್ತು, ಬೀಳುವ ಮುಂಚೆ ರಿಪೇರಿ ಮಾಡಲು. ನಮ್ಮ ವಾಡೆಗಳಿಗೆ ವಿಶ್ವಬ್ಯಾಂಕ್ ಬರುವುದಿಲ್ಲ. ಬಿದ್ದರೆ ಬಿದ್ದವೇ.

ಈಗ ನಮ್ಮ ಗುಡ್ಡದ ಮೇಲಿನ ಮನೆಗೆ ಬರುತ್ತೇನೆ. ಟೇಲರ್ ಮಂಜಿಲ್. ಸುರಪುರದ ಮಕ್ಕಳಿಗೆಲ್ಲ ಆ ಹೆಸರು ಗೊತ್ತು. ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಕಟ್ಟಿಸಿದ್ದು. ಸಮುದ್ರ ಕಾಣದ ಈ ನಾಡಿನಲ್ಲಿ ಯುರೋಪಿನ ಮಾದರಿಯ ಮನೆ. ಟೇಲರ್ ಹುಟ್ಟಿದ್ದು 1808ರಲ್ಲಿ ಲಿವರ್‌ಪೂಲ್ ಅನ್ನುವ ಬಂದರು ಊರಲ್ಲಿ. ಹದಿನೈದು ವರ್ಷದ ಹುಡುಗ ಹಡಗು ಹತ್ತಿ ಮುಂಬೈಗೆ ಬಂದ. ನಿಜಾಮರ ಸೈನ್ಯ ಸೇರಿದ. 1841ರಲ್ಲಿ ಸುರಪುರಕ್ಕೆ ಬಂದ. ಆಗ ನಮ್ಮ ರಾಜ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ. ರಾಜ್ಯದ ಆಡಳಿತ, ಹುಡುಗನ ಓದು, ಎರಡನ್ನೂ ಟೇಲರ್ ನೋಡಿಕೊಂಡರು. ಬೋನಾಳ ಕೆರೆಯನ್ನು ಗಟ್ಟಿ ಮಾಡಿಸಿದ್ದೂ ಅವರೇ. ಇವತ್ತು ಅಲ್ಲಿಗೆ ಹಕ್ಕಿ ನೋಡಲು ಜನ ಬರುತ್ತಾರೆ. ರಾಜನಕೋಳೂರಿನ ಕಲ್ಲುಗೋರಿಗಳ ಬಗ್ಗೆ ಬರೆದು ಹೊರಗಿನ ಜಗತ್ತಿಗೆ ತಿಳಿಸಿದ್ದೂ ಅವರೇ.

"ಬಿಳಿಯರ ಮನೆ ನಮಗ್ಯಾಕೆ?" ಅಂತ ಕೆಲವರು ಕೇಳುತ್ತಾರೆ. ಕೇಳುವವರ ಸಿಟ್ಟು ನನಗೆ ಅರ್ಥ ಆಗುತ್ತದೆ. 1858ರಲ್ಲಿ ಇಂಗ್ಲಿಷರ ಪಡೆ ಸುರಪುರಕ್ಕೆ ಬಂತು. ವೆಂಕಟಪ್ಪ ನಾಯಕ ಹೋರಾಡಿ, ಹೈದರಾಬಾದಿನಲ್ಲಿ ಸೆರೆಯಾದರು. ಅವರು ಟೇಲರ್‌ಗೆ "ಅಪ್ಪಾ" ಅನ್ನುತ್ತಿದ್ದರು. ಸೆರೆಯಲ್ಲಿ ನೋಡಲು ಹೋದ ಟೇಲರ್, ಜೊತೆಗಾರರ ಹೆಸರು ಹೇಳು ಅಂದರೂ ರಾಜ ಹೇಳಲಿಲ್ಲ. ಗಲ್ಲಿನ ಬದಲು ಕೆಲವು ವರ್ಷ ಚೆಂಗಲ್ಪಟ್ಟಿನಲ್ಲಿ ಇಡಬೇಕು ಅಂತ ಆದೇಶ ಆಯಿತು. ಆದರೆ ಹೈದರಾಬಾದಿನಿಂದ ಹೊರಟ ದಾರಿಯಲ್ಲೇ ಗುಂಡೇಟಿಗೆ ಸತ್ತರು. ಇನ್ನೂ ಎಳೆಯ ಪ್ರಾಯ.

ಚೆನ್ನೈನಿಂದ ಪುದುಚೇರಿಗೆ ರೈಲಿನಲ್ಲಿ ಹೋಗುವಾಗ ಚೆಂಗಲ್ಪಟ್ಟು ಬರುತ್ತದೆ. ನಿಲ್ದಾಣದ ಹೆಸರು ಓದಿದ ಕೂಡಲೇ ನನ್ನ ಮೈ ಜುಮ್ಮೆಂದಿತು. ನಮ್ಮ ರಾಜ ಮುಟ್ಟದೇ ಉಳಿದ ಊರು.

ಆ ಗುಡ್ಡದ ಮನೆ ಇಷ್ಟೆಲ್ಲದಕ್ಕೂ ಸಾಕ್ಷಿ. ಅದನ್ನು ಕೆಡವಿದರೆ ಟೇಲರ್ ಕಥೆ ಹೋಗುವುದಿಲ್ಲ, ಇಂಗ್ಲೆಂಡಿನ ಪುಸ್ತಕಗಳಲ್ಲಿ ಇರುತ್ತದೆ. ಹೋಗುವುದು ವೆಂಕಟಪ್ಪ ನಾಯಕರ ಕಥೆಯ ಜಾಗ. ಇನ್ನೊಂದು ಮಾತು. ಕಲ್ಲು ಒಡೆದದ್ದು, ಸುಣ್ಣ ಅರೆದದ್ದು, ತೊಲೆ ಹೊತ್ತು ಗುಡ್ಡ ಏರಿಸಿದ್ದು ನಮ್ಮ ಜನ. ಪುದುಚೇರಿಯಲ್ಲಿ ಫ್ರೆಂಚರ ಆಡಳಿತ 1954ರ ನವೆಂಬರ್ 1ರಂದು ಮುಗಿಯಿತು. ಮನೆಗಳನ್ನು ಯಾರೂ ಅವರ ಹಿಂದೆ ಕಳಿಸಲಿಲ್ಲ. ಒಂದರಲ್ಲಿ ಶಾಲೆ, ಇನ್ನೊಂದರಲ್ಲಿ ಕಚೇರಿ, ಮತ್ತೊಂದರಲ್ಲಿ ಯಾರದೋ ಸಂಸಾರ. ಬಳಕೆಯಲ್ಲಿರುವ ಮನೆ ಬೇಗ ಬೀಳುವುದಿಲ್ಲ. ಟೇಲರ್ ಮಂಜಿಲ್ ಸರ್ಕಾರಿ ಅತಿಥಿಗೃಹ ಆಗಿದ್ದರಿಂದಲೇ ಇಷ್ಟು ವರ್ಷ ಬಾಳಿದೆ. ಕಲಬುರಗಿಯ ಐವಾನ್-ಎ-ಶಾಹಿ ಕೂಡ ಹಾಗೇ.

ಟೇಲರ್ ಹುಟ್ಟಿದ ಲಿವರ್‌ಪೂಲ್ ಬಂದರು 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿತ್ತು. ಹಳೆ ಬಂದರಿನ ಪಕ್ಕ ಹೊಸ ಕಟ್ಟಡಗಳನ್ನು ಏರಿಸಿದರು ಅಂತ 2021ರಲ್ಲಿ ಆ ಪಟ್ಟಿಯಿಂದ ತೆಗೆದುಹಾಕಿದರು. ಅಷ್ಟು ದುಡ್ಡಿರುವ ದೇಶವೂ ಮೈಮರೆತರೆ ಕಳೆದುಕೊಳ್ಳುತ್ತದೆ.

ಮಾನ್ಯರೇ, ಈಗ ನನ್ನ ಬೇಡಿಕೆ. 1961ರ ನಮ್ಮ ರಾಜ್ಯದ ಸ್ಮಾರಕಗಳ ಕಾಯ್ದೆ ಕೋಟೆ, ಗುಡಿ, ಶಾಸನಗಳನ್ನು ಕಾಯುತ್ತದೆ. ಒಲೆ ಉರಿಯುವ ವಾಡೆಯನ್ನು ಕಾಯುವವರು ಯಾರೂ ಇಲ್ಲ. ಆದ್ದರಿಂದ ಮೊದಲು ಪಟ್ಟಿ ಮಾಡಿಸಿ. ಸುರಪುರ, ಶಹಾಪುರ, ಯಾದಗಿರಿ ಪೇಟೆಗಳಿಂದ ಶುರು ಮಾಡಬಹುದು. ಇದಕ್ಕೆ ಕೋಟಿ ಬೇಡ. ಕಾಲೇಜು ಹುಡುಗ ಹುಡುಗಿಯರಿಗೆ ಎರಡು ದಿನ ತರಬೇತಿ ಕೊಟ್ಟು, ಕೈಗೆ ಒಂದು ಫಾರಂ ಕೊಟ್ಟರೆ, ಒಂದು ಬೇಸಿಗೆಯಲ್ಲಿ ಮುಗಿಯುತ್ತದೆ. ಕಂಬ ಎಷ್ಟು, ಬಾಗಿಲು ಹೇಗಿದೆ, ಮಾಳಿಗೆ ಸೋರುತ್ತದಾ, ಯಾರು ವಾಸ ಇದ್ದಾರೆ, ಒಂದು ಫೋಟೋ.

ಪಟ್ಟಿಗೆ ಸೇರಿದ ಮನೆಯವರು ರಿಪೇರಿ ಮಾಡಿಸಿದರೆ ಅರ್ಧ ಖರ್ಚು ಕೊಡಿ. ನಮ್ಮ ಮಂಡಳಿಗೆ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಅಂತ ಘೋಷಣೆ ಆಗಿದೆ. ರಸ್ತೆ, ಶಾಲೆ, ಆಸ್ಪತ್ರೆ ಮೊದಲು ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ಹಣದಲ್ಲಿ ಒಂದು ಚೂರು ಹಳೆ ಮನೆಗಳಿಗೆ ಸಾಕು. ಬಿದ್ದ ಮನೆಗೆ ಪರಿಹಾರ ಕೊಡುತ್ತೀರಿ. ಬೀಳುವ ಮುಂಚೆ ಕೊಟ್ಟರೆ ಜೀವವೂ ಉಳಿಯುತ್ತದೆ.

ಎಲ್ಲಕ್ಕಿಂತ ಅವಸರದ್ದು ಗೌಂಡಿಗಳದ್ದು. ಗಚ್ಚಿನ ಕೆಲಸ ಬಲ್ಲವರು ಕೈಬೆರಳೆಣಿಕೆಯಷ್ಟು ಉಳಿದಿದ್ದಾರೆ. ಪುದುಚೇರಿಯಲ್ಲಿ ಹುಡುಗರು ಆ ಕೆಲಸ ಕಲಿತು ಹೊಟ್ಟೆ ಹೊರೆಯುತ್ತಿದ್ದಾರೆ, ನನ್ನ ಕಣ್ಣಾರೆ ನೋಡಿದೆ. ನಮ್ಮ ಹುಡುಗರು ಬೆಂಗಳೂರು, ಮುಂಬೈಗೆ ಸಿಮೆಂಟ್ ಹೊರಲು ಹೋಗುತ್ತಾರೆ. ಸುಣ್ಣದ ಕಲ್ಲು ನಮ್ಮ ನೆಲದಲ್ಲೇ ಇದೆ. ವಾಡಿ, ಸೇಡಂ, ಮಳಖೇಡದಲ್ಲಿ ಕಾರ್ಖಾನೆಗಳು ಬಂದಿದ್ದೇ ಆ ಕಲ್ಲಿಗಾಗಿ. ನೆಲಕ್ಕೆ ಶಹಾಬಾದಿನ ಫರಸಿ ಇದೆ. ಕಲಿಸುವ ಕೈ ಮಾತ್ರ ಮುಪ್ಪಾಗುತ್ತಿದೆ. ಐಟಿಐಗಳಲ್ಲಿ ಮೂರು ತಿಂಗಳ ಗಚ್ಚಿನ ಕೋರ್ಸ್ ಇಡಿ. ಕಲಿಯುವಾಗಲೇ ದಿನಗೂಲಿ ಕೊಡಿ. ಹಳೆ ಸರ್ಕಾರಿ ಕಟ್ಟಡಗಳ ರಿಪೇರಿಯನ್ನು ಅವರಿಂದಲೇ ಮಾಡಿಸಿ. ಟೇಂಡರಿನಲ್ಲಿ "ಹಳೆ ಸುಣ್ಣದ ಗೋಡೆಗೆ ಸಿಮೆಂಟ್ ಹಚ್ಚಬಾರದು" ಅಂತ ಒಂದು ಸಾಲು ಸೇರಿಸಿ. ಆ ಸಾಲಿಗೆ ಒಂದು ಪೈಸೆ ಖರ್ಚಿಲ್ಲ.

ಟೇಲರ್ ಮಂಜಿಲ್‌ನ ಒಂದು ಕೋಣೆಯನ್ನು ಊರಿನ ಮಕ್ಕಳಿಗೆ ಬಿಟ್ಟುಕೊಡಿ. ಅಲ್ಲಿ ವೆಂಕಟಪ್ಪ ನಾಯಕರ ಕಥೆ ಇರಲಿ, ಅವರ ತಾಯಿ ರಾಣಿ ಈಶ್ವರಮ್ಮನವರ ಕಥೆ ಇರಲಿ, ಟೇಲರ್ ಕಥೆಯೂ ಇರಲಿ. ಸುರಪುರದ ಚಿತ್ರಕಲೆಯ ನಾಲ್ಕು ಪ್ರತಿ ಗೋಡೆಗೆ ತೂಗುಹಾಕಿ. ಭಾನುವಾರ ಬಾಗಿಲು ತೆಗೆದರೆ ಸಾಕು. ಕಥೆ ಹೇಳಲು ನಾನು ಬರುತ್ತೇನೆ, ನನ್ನ ಹಾಗೆ ಇನ್ನೂ ಹಲವು ಶಿಕ್ಷಕರಿದ್ದಾರೆ.

ಇನ್ನು ನನ್ನ ಊರಿನವರಿಗೆ. ಅಣ್ಣಂದಿರಾ, ಅಕ್ಕಂದಿರಾ, ಪಾಲಾದ ಮನೆ ಅಂತ ಬೀಗ ಹಾಕಿ ಇಡಬೇಡಿ. ಅಣ್ಣತಮ್ಮಂದಿರ ತಂಟೆ ಮುಗಿಯುವವರೆಗೆ ಮಾಳಿಗೆ ಕಾಯುವುದಿಲ್ಲ. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಮಣ್ಣು ಹಾಕಿಸಿ. ಗೋಡೆಯ ಬುಡಕ್ಕೆ ಬಚ್ಚಲ ನೀರು ನಿಲ್ಲದಂತೆ ನೋಡಿಕೊಳ್ಳಿ. ಗೋಡೆ ಬಿರುಕು ಬಿಟ್ಟರೆ ಸಿಮೆಂಟ್ ಚೀಲ ತರುವ ಮುಂಚೆ ಹಳೆಯ ಗೌಂಡಿಯೊಬ್ಬರನ್ನು ಕರೆದು ತೋರಿಸಿ. ಬಾಗಿಲು ಮಾರುವ ದಿನ ಬಂದರೆ, ಮನೆಯ ಅವ್ವನನ್ನು ಒಂದು ಮಾತು ಕೇಳಿ.

ನಮ್ಮ ವಾಡೆಯ ಉತ್ತರದ ಭಾಗ ಇನ್ನೂ ನಿಂತಿದೆ. ಪಡಸಾಲೆ, ದೇವರಕೋಣೆ, ಅಡುಗೆಮನೆ. ತಮ್ಮಂದಿರನ್ನು ಕೂಡಿಸಿ ಮಾತಾಡಿದ್ದೇನೆ, ಒಪ್ಪಿದ್ದಾರೆ. ಈ ಬೇಸಿಗೆಯಲ್ಲಿ ಸಿಮೆಂಟ್ ಕಿತ್ತು ಗಚ್ಚು ಹಾಕಿಸುತ್ತೇವೆ. ಗೌಂಡಿ ಅಜ್ಜನಿಗೆ ಈಗ ಎಂಬತ್ತು ದಾಟಿದೆ. ಕೈ ನಡುಗುತ್ತದೆ, ಕರಣಿ ಹಿಡಿಯಲು ಆಗುವುದಿಲ್ಲ. ಆದರೆ ಕುರ್ಚಿ ಹಾಕಿ ಕೂರಿಸಿದರೆ ಹೇಳಿಕೊಡುತ್ತೇನೆ ಅಂದಿದ್ದಾರೆ. ಅಳಲೆಕಾಯಿ ನೆನೆಹಾಕಿದ್ದೇವೆ. ಕಲಿಯಲು ಮೂವರು ಹುಡುಗರು ಬರುತ್ತೇವೆ ಅಂದಿದ್ದಾರೆ, ಇನ್ನೂ ಹತ್ತು ಮಂದಿ ಬಂದರೂ ಜಾಗ ಇದೆ. ನಿಮ್ಮ ಇಲಾಖೆಯ ಎಂಜಿನಿಯರ್ ಒಬ್ಬರನ್ನು ಒಂದು ದಿನ ಕಳಿಸಿಕೊಡಿ. ಯುಗಾದಿಯ ಮರುದಿನ ಬೆಳಗ್ಗೆ ಏಳಕ್ಕೆ ಕೆಲಸ ಶುರು. ಬಿಸಿಲೇರುವ ಮುಂಚೆ ಬಂದರೆ ಒಳ್ಳೆಯದು, ಮಧ್ಯಾಹ್ನ ಊಟ ನಮ್ಮಲ್ಲೇ.

ಇಂತಿ,
ಸುರಪುರದ ಒಬ್ಬ ನಿವೃತ್ತ ಶಿಕ್ಷಕಿ